ಸುತ್ತೋಲೆ ರದ್ದಾದರೂ ನಮೂನೆಯಲ್ಲಿ ಉಳಿದಿದೆ

ಮಾನ್ಯ ಸಂಪಾದಕರೇ,

ಭಾರತೀಯ ರಿಸರ್ವ್ ಬ್ಯಾಂಕ್ 2025ರ ನವೆಂಬರ್ 28ರಂದು 9,000ಕ್ಕೂ ಹೆಚ್ಚು ಹಳೆಯ ಸುತ್ತೋಲೆಗಳನ್ನು ಒಟ್ಟಿಗೆ ತೆಗೆದುಹಾಕಿ, ಅವುಗಳಲ್ಲಿದ್ದ ನಿಯಮಗಳನ್ನು 244 ಮಾಸ್ಟರ್ ಡೈರೆಕ್ಷನ್‌ಗಳಲ್ಲಿ, ಅಂದರೆ ವಿಷಯವಾರು ಒಟ್ಟುಗೂಡಿಸಿದ ನಿರ್ದೇಶನಗಳಲ್ಲಿ, ಜೋಡಿಸಿತು. ವಾಣಿಜ್ಯ ಪುಟಗಳಲ್ಲಿ ಇದು ಸರಳೀಕರಣದ ಸುದ್ದಿಯಾಗಿ ಬಂದು ಹೋಯಿತು. ಜಿಲ್ಲೆ, ತಾಲ್ಲೂಕುಗಳಲ್ಲಿ ಸಾಲಪತ್ರ, ನೋಟಿಸು, ವಸೂಲಿ ದಾವೆ ಬರೆಯುವ ವಕೀಲರ ಮಟ್ಟಿಗೆ ಅದು ಅಷ್ಟಕ್ಕೇ ಮುಗಿಯುವ ಸುದ್ದಿಯಲ್ಲ. ನಮ್ಮಲ್ಲಿ ಬಹುತೇಕರು ಕೆಲಸ ಮಾಡುವುದು ಕಂಪ್ಯೂಟರಿನಲ್ಲಿ ಕೂತಿರುವ ನಮೂನೆಗಳ ಮೇಲೆ. ಹೆಸರು, ಮೊತ್ತ, ದಿನಾಂಕ ಬದಲಾಗುತ್ತವೆ. ಕೆಳಗಿನ ಷರತ್ತುಗಳೂ ಸುತ್ತೋಲೆ ಸಂಖ್ಯೆಗಳೂ ಹಾಗೇ ಉಳಿಯುತ್ತವೆ. ಹಣಕಾಸು ಕಾನೂನಿನಲ್ಲಿ ವಕೀಲರು ಎಡವುವುದು ಹೊಸ ಸುದ್ದಿ ಓದದೆ ಇರುವುದರಿಂದಲ್ಲ, ಓದಿದ್ದನ್ನು ನಮೂನೆಗೆ ಇಳಿಸದೆ ಇರುವುದರಿಂದ.

ಹೊಸ ವ್ಯವಸ್ಥೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸಾಲ ಕೊಟ್ಟವರು ಯಾವ ವರ್ಗದವರು ಎಂಬುದು. ನಿರ್ದೇಶನಗಳನ್ನು 11 ಬಗೆಯ ಸಂಸ್ಥೆಗಳಿಗೆ ಬೇರೆಬೇರೆಯಾಗಿ ಹೊರಡಿಸಲಾಗಿದೆ. ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ವಿಷಯ ಒಂದೇ ಆದರೂ ವಾಣಿಜ್ಯ ಬ್ಯಾಂಕಿಗೆ ಒಂದು ದಾಖಲೆ, ಎನ್‌ಬಿಎಫ್‌ಸಿಗೆ (ಬ್ಯಾಂಕೇತರ ಹಣಕಾಸು ಕಂಪನಿಗೆ) ಇನ್ನೊಂದು. ಕರ್ನಾಟಕ ಗ್ರಾಮೀಣ ಬ್ಯಾಂಕ್ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಸಾಲಿಗೆ, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್ ಗ್ರಾಮೀಣ ಸಹಕಾರಿ ಬ್ಯಾಂಕುಗಳ ಸಾಲಿಗೆ, ಪಟ್ಟಣ ಸಹಕಾರಿ ಬ್ಯಾಂಕ್ ಮತ್ತೊಂದಕ್ಕೆ. ನಮ್ಮ ಊರೂರಲ್ಲಿರುವ ಸೌಹಾರ್ದ ಪತ್ತಿನ ಸಹಕಾರಿಗಳು ಈ ಯಾವ ವರ್ಗಕ್ಕೂ ಸೇರುವುದಿಲ್ಲ. ಅವು 1997ರ ಸೌಹಾರ್ದ ಸಹಕಾರಿ ಕಾಯ್ದೆಯ ಕೆಳಗಿನವು, ಬ್ಯಾಂಕುಗಳೇ ಅಲ್ಲ. ಅವುಗಳಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನ ಉಲ್ಲೇಖಿಸಿ ನೋಟಿಸು ಕೊಟ್ಟರೆ 'ಇದು ನಮಗೆ ಅನ್ವಯಿಸುವುದಿಲ್ಲ' ಎಂಬ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ. ಅವುಗಳ ಪರವಾಗಿ, ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು ಕೊಡುವುದೂ ಅಷ್ಟೇ ತಪ್ಪು. ಸಹಕಾರಿ ಬ್ಯಾಂಕುಗಳಿಗೆ ಆ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಮೇ 5ರಂದು ಹೇಳಿದ್ದು ಬ್ಯಾಂಕುಗಳ ಬಗ್ಗೆ, ಪತ್ತಿನ ಸಂಘಗಳ ಬಗ್ಗೆ ಅಲ್ಲ.

ಎರಡನೆಯ ಪ್ರಶ್ನೆ ದಿನಾಂಕದ್ದು. ಹೆಚ್ಚು ಗೊಂದಲ ಇಲ್ಲೇ. ಸುತ್ತೋಲೆ ರದ್ದಾಯಿತೆಂದ ಮಾತ್ರಕ್ಕೆ ಅದರ ಅಡಿಯಲ್ಲಿ ಹುಟ್ಟಿದ ಹಕ್ಕು ಸಾಯುವುದಿಲ್ಲ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಆಸ್ತಿಪತ್ರ ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ 2023ರ ಸೆಪ್ಟೆಂಬರ್ 13ರ ಸುತ್ತೋಲೆ ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿತ್ತು. 2024ರಲ್ಲಿ ತೀರಿದ ಗೃಹಸಾಲದ ಪತ್ರಗಳು ಇಂದಿಗೂ ಬಂದಿಲ್ಲವೆಂದರೆ, ನೋಟಿಸಿನಲ್ಲಿ ಬರೀ ಹಳೆಯ ಸುತ್ತೋಲೆ ಬರೆದರೆ ಎದುರು ವಕೀಲರು 'ರದ್ದಾಗಿದೆ' ಎನ್ನುತ್ತಾರೆ. ಬರೀ ಹೊಸ ನಿರ್ದೇಶನ ಬರೆದರೆ 'ಸಾಲ ತೀರಿದಾಗ ಅದು ಇರಲೇ ಇಲ್ಲ' ಎನ್ನುತ್ತಾರೆ. ಆದ್ದರಿಂದ 'ಸಾಲ ಮುಕ್ತಾಯದ ದಿನ ಜಾರಿಯಲ್ಲಿದ್ದ 13.9.2023ರ ಸುತ್ತೋಲೆಯಂತೆ, ಮತ್ತು ಈಗ ಅದೇ ಕರ್ತವ್ಯವನ್ನು ಮುಂದುವರಿಸಿರುವ ನಿರ್ದೇಶನದಂತೆ' ಎಂದು ಎರಡನ್ನೂ ಬರೆಯಬೇಕು. ಪತ್ರಗಳು ಬ್ಯಾಂಕಿನಲ್ಲೇ ಕಳೆದುಹೋಗಿದ್ದರೆ ನಕಲು ಮಾಡಿಸಿಕೊಡಲು ಬ್ಯಾಂಕಿಗೆ ಇನ್ನೂ 30 ದಿನ ಸಿಗುತ್ತದೆ, ಪರಿಹಾರದ ಲೆಕ್ಕ 60 ದಿನಗಳ ನಂತರ ಶುರುವಾಗುತ್ತದೆ. ಇದನ್ನು ಮರೆತು ಮೊದಲ ದಿನದಿಂದಲೇ ಲೆಕ್ಕಹಾಕಿದ ನೋಟಿಸುಗಳು ಬೇಕಾದಷ್ಟಿವೆ.

ಚಿನ್ನದ ಸಾಲಕ್ಕೂ ಅದೇ 5,000, ಗಡುವು ಮಾತ್ರ ಬೇರೆ. 2025ರ ಜೂನ್ 6ರ ನಿರ್ದೇಶನದ ಪ್ರಕಾರ ಸಾಲ ತೀರಿದ ದಿನವೇ, ಹೆಚ್ಚೆಂದರೆ 7 ಕೆಲಸದ ದಿನಗಳೊಳಗೆ ಒಡವೆ ಕೈಗೆ ಬರಬೇಕು. ಸ್ವಂತ ಬಳಕೆಗೆ ಪಡೆದ ಸಾಲವಾದರೆ 2.5 ಲಕ್ಷದವರೆಗೆ ಒಡವೆಯ ಮೌಲ್ಯದ ಶೇ 85, 5 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಎಂಬ ಮಿತಿಯೂ ಅದರಲ್ಲೇ ಇದೆ. ಅಸಲು–ಬಡ್ಡಿಯನ್ನು ಕೊನೆಗೆ ಒಂದೇ ಸಲ ಕಟ್ಟುವ ಸಾಲವಾದರೆ ಈ ಮಿತಿಯನ್ನು ಕೈಗೆ ಬಂದ ಹಣದ ಮೇಲಲ್ಲ, ಅವಧಿ ಮುಗಿದಾಗ ಕಟ್ಟಬೇಕಾದ ಒಟ್ಟು ಮೊತ್ತದ ಮೇಲೆ ನೋಡಬೇಕು. ಹರಾಜಾದರೆ ಕನಿಷ್ಠ ಬೆಲೆ ಪ್ರಸಕ್ತ ಮೌಲ್ಯದ ಶೇ 90. ಎರಡು ಹರಾಜು ವಿಫಲವಾದ ಮೇಲಷ್ಟೇ ಶೇ 85. ಸಂಸ್ಥೆಗಳು ಇದನ್ನು 2026ರ ಏಪ್ರಿಲ್ 1ರೊಳಗೆ ಅಳವಡಿಸಿಕೊಳ್ಳಬೇಕೆಂದು ಹೇಳಲಾಗಿತ್ತು. ಸಂಸ್ಥೆ ಅದನ್ನು ಅಳವಡಿಸಿಕೊಳ್ಳುವ ಮುಂಚೆ ಮಂಜೂರಾದ ಸಾಲಕ್ಕೆ ಹಳೆಯ ನಿಯಮ. ಹಾಗಾಗಿ ಒಡವೆ ಅಡವಿಟ್ಟ ಚೀಟಿಯ ದಿನಾಂಕ ನೋಡದೆ ಅಭಿಪ್ರಾಯ ಕೊಡುವಂತಿಲ್ಲ.

ಇದೇ ನಿರ್ದೇಶನದ ಕರಡು 2025ರ ಏಪ್ರಿಲ್ 9ರಂದು ಬಂದಿತ್ತು. ಅದರಲ್ಲಿ ಮೇಲಿನ ಮೂರು ಹಂತಗಳಿರಲಿಲ್ಲ, ಶೇ 75 ಮಾತ್ರ ಇತ್ತು. ವಕೀಲರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಪಿಡಿಎಫ್‌ಗಳಲ್ಲಿ ಕರಡು ಯಾವುದು, ಅಂತಿಮ ಯಾವುದು ಎಂದು ಯಾರೂ ಬರೆದಿರುವುದಿಲ್ಲ. ಮೊದಲ ಪುಟದಲ್ಲಿ 'ಡ್ರಾಫ್ಟ್' ಎಂದಿದೆಯೇ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ನಮೂನೆಗಳಲ್ಲಿ ಅತಿ ಹಳೆಯ ರೋಗವೆಂದರೆ ದಂಡಬಡ್ಡಿ. ಕಂತು ತಪ್ಪಿದರೆ ಶೇ 2ರಷ್ಟು ಹೆಚ್ಚುವರಿ ಬಡ್ಡಿ ಎಂಬ ಷರತ್ತು ಇವತ್ತಿಗೂ ಸಾಲಪತ್ರಗಳಲ್ಲಿದೆ. 2023ರ ಆಗಸ್ಟ್ 18ರ ಸುತ್ತೋಲೆ ಅದನ್ನು ನಿಲ್ಲಿಸಿತು. ದಂಡವನ್ನು ಶುಲ್ಕವಾಗಿ ಹಾಕಬಹುದು, ಬಡ್ಡಿದರಕ್ಕೆ ಸೇರಿಸುವಂತಿಲ್ಲ, ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕುವಂತಿಲ್ಲ. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ, ಹಳೆಯ ಸಾಲಗಳಿಗೆ 2024ರ ಜೂನ್ 30ರೊಳಗೆ ಇದು ಜಾರಿಯಾಗಬೇಕಿತ್ತು. ಪತ್ರದಲ್ಲಿ ಪದ ಬದಲಾಯಿಸಿದರೆ ಸಾಲದು, ಖಾತೆಯ ಸಾಫ್ಟ್‌ವೇರ್ ಆ ಶುಲ್ಕವನ್ನು ಯಾವ ಕಾಲಮಿಗೆ ಹಾಕುತ್ತಿದೆ ನೋಡಬೇಕು. ಅಸಲಿನ ಕಾಲಮಿಗೆ ಬಿದ್ದರೆ ಮುಂದಿನ ತಿಂಗಳ ಬಡ್ಡಿ ತಾನಾಗಿಯೇ ಅದರ ಮೇಲೂ ಬೀಳುತ್ತದೆ, ದಾವೆಯ ಮೊತ್ತವೇ ತಪ್ಪಾಗುತ್ತದೆ. ಇದರ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದೂ ಸಲ್ಲದು. ಇಂಥ ದಂಡಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂದು ತೆರಿಗೆ ಮಂಡಳಿ 2025ರ ಜನವರಿ 28ರಂದು ಸ್ಪಷ್ಟಪಡಿಸಿದೆ. ಸಾಲಗಾರರ ಪರ ಹಾಜರಾಗುವವರು ಖಾತೆಯ ಸ್ಟೇಟ್‌ಮೆಂಟ್ ಕೇಳಿ ಮೊದಲು ನೋಡಬೇಕಾದ ಜಾಗ ಇದು.

ಸ್ಟೇಟ್‌ಮೆಂಟಿನಂಥ ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಜೊತೆಗೆ ಕೊಡುವ ಪ್ರಮಾಣಪತ್ರವೂ ಬದಲಾಗಿದೆ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಬಂದಿದೆ. ಈಗ ಎರಡು ಭಾಗ: ಎ ಭಾಗಕ್ಕೆ ದಾಖಲೆ ಹಾಜರುಪಡಿಸುವವರು, ಬಿ ಭಾಗಕ್ಕೆ ತಜ್ಞರು ಸಹಿ ಮಾಡಬೇಕು, ಹ್ಯಾಷ್ ಮೌಲ್ಯವನ್ನೂ (ಕಡತ ತಿದ್ದಿಲ್ಲವೆಂದು ತಾಳೆನೋಡುವ ಡಿಜಿಟಲ್ ಗುರುತು) ನಮೂದಿಸಬೇಕು. ಹಳೆಯ ಒಂದು ಪುಟದ ಪ್ರಮಾಣಪತ್ರಕ್ಕೆ ಕಲಮಿನ ಸಂಖ್ಯೆ ಮಾತ್ರ ತಿದ್ದಿ ಕೊಡುವುದು ಆಕ್ಷೇಪಣೆಯನ್ನು ನಾವೇ ಕರೆದು ಕೂರಿಸಿದಂತೆ.

ಕಕ್ಷಿದಾರರ ಅಪಾಯದ ಮಾತಾಯಿತು. ವಕೀಲರ ಸ್ವಂತ ಅಪಾಯದ ಬಗ್ಗೆ ಚರ್ಚೆ ಕಡಿಮೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ 2023ರ ಮೇ 3ರ ಅಧಿಸೂಚನೆ ಆ ಕಾಯ್ದೆಯ ಹೊಣೆ ಹೊರಬೇಕಾದವರೆಂದು ಲೆಕ್ಕಪರಿಶೋಧಕರು, ಕಂಪನಿ ಕಾರ್ಯದರ್ಶಿಗಳನ್ನು ಹೆಸರಿಸಿತು, ವಕೀಲರನ್ನು ಹೆಸರಿಸಲಿಲ್ಲ. ಅಲ್ಲಿಗೇ ಓದು ನಿಲ್ಲಿಸಿ ನೆಮ್ಮದಿಯಾದವರು ಬಹಳ. ಆರು ದಿನ ಬಿಟ್ಟು ಬಂದ ಮೇ 9ರ ಅಧಿಸೂಚನೆ ವೃತ್ತಿಯನ್ನು ನೋಡುವುದಿಲ್ಲ, ಕೆಲಸವನ್ನು ನೋಡುತ್ತದೆ. ಕಂಪನಿಗೋ ಟ್ರಸ್ಟಿಗೋ ನೋಂದಾಯಿತ ವಿಳಾಸ ಒದಗಿಸುವುದು, ಬೇರೆಯವರ ಪರವಾಗಿ ನಿರ್ದೇಶಕ ಅಥವಾ ನಾಮಮಾತ್ರ ಷೇರುದಾರನಾಗುವುದು ಅದರೊಳಗೆ ಬರುತ್ತವೆ. ವಕೀಲರಿಗಿರುವ ವಿನಾಯಿತಿ ಕಂಪನಿ ಸ್ಥಾಪನೆಯ ವೇಳೆ ಕಂಪನಿ ಕಾಯ್ದೆಯ 7(1)(ಬಿ) ಅಡಿ ಘೋಷಣೆ ಸಲ್ಲಿಸುವಷ್ಟಕ್ಕೆ ಮಾತ್ರ. ಹೊಸ ಕಂಪನಿಗೆ ಜಾಗ ಸಿಗುವವರೆಗೆ ಎಂದು ತಮ್ಮ ಆಫೀಸಿನ ವಿಳಾಸ ಕೊಡುವ ದಾಕ್ಷಿಣ್ಯ ನಮ್ಮಲ್ಲಿ ಸಾಮಾನ್ಯ. ಅದರ ಬೆನ್ನಿಗೆ ಗ್ರಾಹಕರ ಗುರುತು ಪರಿಶೀಲನೆ, ಶೇ 10ಕ್ಕಿಂತ ಹೆಚ್ಚು ಪಾಲಿರುವ ನಿಜವಾದ ಮಾಲೀಕರ ವಿವರ, 5 ವರ್ಷ ದಾಖಲೆ ಉಳಿಸುವ ಹೊಣೆ ಬರಬಹುದು.

ಬೆಂಗಳೂರಿನಲ್ಲಿ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಕೆಲಸ ಮಾಡುವ ಕಚೇರಿಗಳಿಗೆ ಇನ್ನೊಂದು ಮಾತು. ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಒಳವ್ಯವಹಾರ (ಇನ್‌ಸೈಡರ್ ಟ್ರೇಡಿಂಗ್) ತಡೆ ನಿಯಮಗಳಡಿ, ಬೆಲೆ ಮೇಲೆ ಪರಿಣಾಮ ಬೀರುವ ಬಹಿರಂಗವಾಗದ ಮಾಹಿತಿಯನ್ನು ನಿರ್ವಹಿಸುವ ವಕೀಲರ ಸಂಸ್ಥೆಗಳೂ ಅದನ್ನು ಯಾರ ಜೊತೆ ಹಂಚಿಕೊಂಡೆವೆಂದು ಹೆಸರು, ಪ್ಯಾನ್ ಸಮೇತ ಡಿಜಿಟಲ್ ದಾಖಲೆ ಇಡಬೇಕು. ಸಮಯದ ಮುದ್ರೆ ಇರಬೇಕು, ತಿದ್ದಿದ್ದು ಗೊತ್ತಾಗಬೇಕು, 8 ವರ್ಷ ಉಳಿಸಬೇಕು. ಸಾಮಾನ್ಯ ಎಕ್ಸೆಲ್ ಹಾಳೆ ಇದಕ್ಕೆ ಒದಗುವುದಿಲ್ಲ.

ಹಾಗಾದರೆ ಒಬ್ಬಂಟಿ ವಕೀಲರು ಏನು ಮಾಡಬಹುದು? ಪ್ರತಿ ನಮೂನೆಯ ಪ್ರತಿ ಹಣಕಾಸು ಷರತ್ತಿನ ಪಕ್ಕ ನಾಲ್ಕು ಸಂಗತಿ ಬರೆದಿಡಬೇಕು: ಅದಕ್ಕೆ ಆಧಾರವಾದ ನಿಯಮ, ಅದು ಹೊರಟ ದಿನ, ಜಾರಿಯಾದ ದಿನ, ಹಳೆಯ ಸಾಲಕ್ಕೂ ಅನ್ವಯಿಸುತ್ತದೆಯೇ ಎಂಬುದು. ವಾರಕ್ಕೊಮ್ಮೆ ರಿಸರ್ವ್ ಬ್ಯಾಂಕಿನ ಅಧಿಸೂಚನೆ ಪುಟವನ್ನೂ ತಿಂಗಳಿಗೊಮ್ಮೆ ಗೆಜೆಟ್ಟನ್ನೂ ನೋಡಿ, ಬದಲಾವಣೆ ಇದ್ದರೆ ಅದೇ ದಿನ ನಮೂನೆ ತಿದ್ದಬೇಕು. ಹಳೆಯ ಆವೃತ್ತಿಯನ್ನು ಅಳಿಸದೆ ದಿನಾಂಕ ಹಾಕಿ ಬೇರೆ ಫೋಲ್ಡರಿನಲ್ಲಿ ಇಡಬೇಕು, ಹಳೆಯ ಸಾಲದ ವ್ಯಾಜ್ಯಕ್ಕೆ ಅದೇ ಬೇಕಾಗುತ್ತದೆ. ಹೊರಟ ದಿನಕ್ಕೂ ಜಾರಿಯ ದಿನಕ್ಕೂ ವರ್ಷಗಳ ಅಂತರ ಇರಬಹುದು. ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು 2025ರ ನವೆಂಬರಿನಲ್ಲಿ, ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ನಂತರ.

ಕೊನೆಗೊಂದು ಕೋರಿಕೆ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಮತ್ತು ಸಣ್ಣ ಉದ್ಯಮದ ಸಾಲಗಳಿಗೆ ಕೊಡಬೇಕಾದ ಮುಖ್ಯಾಂಶಗಳ ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂಬ ನಿಯಮವಿದೆ. ಆ ಹಾಳೆಯಲ್ಲಿ ಏನಿರಬೇಕೆಂದು ಹೇಳುವ ನಿರ್ದೇಶನವನ್ನು ಕನ್ನಡದಲ್ಲೂ ಕೊಟ್ಟರೆ ಸಾಲಗಾರರೂ ಅವರ ವಕೀಲರೂ ಹೋಲಿಸಿ ನೋಡಬಹುದು. ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿ ಮತ್ತು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ, ದಂಡಶುಲ್ಕ, ಪತ್ರ ವಾಪಸಾತಿ, ಮುಖ್ಯಾಂಶಗಳ ಹಾಳೆ, ಚಿನ್ನದ ಸಾಲ — ಈ ನಾಲ್ಕು ಭಾಗಗಳನ್ನಾದರೂ, ಹಳೆಯ ಸುತ್ತೋಲೆಯ ದಿನಾಂಕ ಎಡಕ್ಕೆ, ಹೊಸ ನಿರ್ದೇಶನದ ಪರಿಚ್ಛೇದ ಬಲಕ್ಕೆ ಇರುವಂತೆ ಕನ್ನಡದಲ್ಲಿ ಪ್ರಕಟಿಸಿ ಜಿಲ್ಲಾ ವಕೀಲರ ಸಂಘಗಳಿಗೆ ಕಳಿಸಲಿ.

— ಬ್ಯಾಂಕಿಂಗ್ ಕಾನೂನಿನಲ್ಲಿ ವೃತ್ತಿನಿರತ ವಕೀಲ, ಹುಬ್ಬಳ್ಳಿ