ಗುಸ್ ದುರ್ ಪದಚ್ಯುತಿ: ಹಣಕ್ಕಿಂತ ಸಂಖ್ಯಾಬಲದ ಕಥೆ

ಮಾನ್ಯ ಸಂಪಾದಕರೇ,

ಇಂಡೊನೇಷ್ಯಾದ ನಾಲ್ಕನೇ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್, ಅಂದರೆ ಜನ ಪ್ರೀತಿಯಿಂದ ಕರೆದ ಗುಸ್ ದುರ್, ಅವರ ಮಾತು ಬಂದಾಗಲೆಲ್ಲ ‘ಹಣದ ಹಗರಣದಲ್ಲಿ ಅಧಿಕಾರ ಕಳೆದುಕೊಂಡ ಮೌಲ್ವಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇದು ತಪ್ಪು, ಅವರಿಗೆ ಮಾಡುವ ಅನ್ಯಾಯ ಕೂಡ.

ಪೂರ್ವ ಜಾವಾದ ಜೊಂಬಾಂಗ್‌ನ ಮದರಸಾ ಮನೆತನದವರು ಅವರು. 1984ರಿಂದ 15 ವರ್ಷ ನಹ್ದತುಲ್ ಉಲಮಾ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯನ್ನು ಮುನ್ನಡೆಸಿದರು. ದೀರ್ಘಕಾಲ ಆಳಿದ ಅಧ್ಯಕ್ಷ ಸುಹಾರ್ತೊ ಕೆಳಗಿಳಿದ ಮೇಲೆ, 1998ರ ಜುಲೈನಲ್ಲಿ ಪಿಕೆಬಿ ಎಂಬ ಪಕ್ಷ ಕಟ್ಟಿದರು; ಅದರ ಬಾಗಿಲನ್ನು ಎಲ್ಲ ಧರ್ಮದವರಿಗೂ ತೆರೆದಿಟ್ಟರು.

ತೊಡಕು ಇದ್ದದ್ದು ಸಂಖ್ಯೆಯಲ್ಲಿ. 1999ರಲ್ಲಿ 500 ಸ್ಥಾನಗಳ ಸಂಸತ್ತಿನಲ್ಲಿ ಪಿಕೆಬಿಗೆ ಸಿಕ್ಕಿದ್ದು 51, ಅಧ್ಯಕ್ಷ ಹುದ್ದೆಗೆ ಅವರ ಎದುರಾಳಿಯಾಗಿದ್ದ ಮೇಘಾವತಿಯವರ ಪಕ್ಷಕ್ಕೆ 153. ಆದರೂ ಅಕ್ಟೋಬರ್ 20ರಂದು, ಅಧ್ಯಕ್ಷರನ್ನು ಆರಿಸುವ, ಕೆಳಗಿಳಿಸುವ ಅಧಿಕಾರ ಆಗ ಇದ್ದ ಜನಸಲಹಾ ಸಭೆಯಲ್ಲಿ ವಾಹಿದ್ 373–313ರಿಂದ ಗೆದ್ದರು. ಮೇಘಾವತಿ ಬೇಡವೆಂದ ಪಕ್ಷಗಳು ಕೊಟ್ಟ ಮತಗಳವು, ಕೈಗಡ. 2000ದ ಏಪ್ರಿಲ್‌ನಲ್ಲಿ ಎರಡು ದೊಡ್ಡ ಪಕ್ಷಗಳ ಒಬ್ಬೊಬ್ಬ ಸಚಿವರನ್ನು ಕಿತ್ತುಹಾಕಿದ್ದೇ ತಡ, ಸಾಲ ಕೊಟ್ಟವರು ತಿರುಗಿಬಿದ್ದರು.

ಆಮೇಲೆ ಬಂದವು ಹಣ ದುರುಪಯೋಗದ ಆರೋಪಗಳು: ಆಹಾರ ನಿಗಮದ ನೌಕರರ ನಿಧಿಯಿಂದ 3,500 ಕೋಟಿ ರುಪಿಯಾ, ಬ್ರೂನೈ ಸುಲ್ತಾನರಿಂದ 20 ಲಕ್ಷ ಡಾಲರ್. 2001ರ ಫೆಬ್ರುವರಿ 1ರಂದು ಸಂಸತ್ತಿನ ಮೊದಲ ಎಚ್ಚರಿಕೆ, ಏಪ್ರಿಲ್ 30ರಂದು ಎರಡನೆಯದು. ಮೇ ಕೊನೆಯಲ್ಲಿ ಅವರದೇ ಸರ್ಕಾರದ ಅಟಾರ್ನಿ ಜನರಲ್ ಪುರಾವೆ ಇಲ್ಲವೆಂದರು, ಸಂಸತ್ತು ಕಿವಿಗೊಡಲಿಲ್ಲ.

ಜುಲೈ 23ರ ನಸುಕಿಗೂ ಮುನ್ನ ವಾಹಿದ್ ಸಂಸತ್ತನ್ನೂ ಜನಸಲಹಾ ಸಭೆಯನ್ನೂ ಸ್ಥಗಿತಗೊಳಿಸುವ ಆದೇಶ ಹೊರಡಿಸಿದರು. ಇದು ಅವರ ದೊಡ್ಡ ತಪ್ಪು. ಸೇನೆ ಜೊತೆಗೆ ನಿಲ್ಲಲಿಲ್ಲ, ಅಂದೇ ಪದಚ್ಯುತಿಯಾಯಿತು. ಆ ನಿರ್ಣಯ ಕೊಟ್ಟ ಕಾರಣ ಆ ಆದೇಶ ಮತ್ತು ಸಭೆಗೆ ಬಂದು ಉತ್ತರ ಕೊಡದಿದ್ದದ್ದು, ಹಣವಲ್ಲ. ಅಂದು ರಾತ್ರಿ ದೃಷ್ಟಿ ಹೆಚ್ಚುಕಡಿಮೆ ಕಳೆದುಕೊಂಡಿದ್ದ ಆ ಹಿರಿಯರು ಚಡ್ಡಿಯಲ್ಲೇ ಅರಮನೆಯ ಹೊಸ್ತಿಲಿಗೆ ಬಂದು ಬೆಂಬಲಿಗರಿಗೆ ಕೈಬೀಸಿದರು. ಜನರ ನೆನಪಿನಲ್ಲಿ ಉಳಿದಿರುವುದು ಆ ಚಿತ್ರವೊಂದೇ.

ಉಳಿಯಬೇಕಾದದ್ದು 2000ದ 6ನೇ ಅಧ್ಯಕ್ಷೀಯ ಆದೇಶ. ಚೀನೀ ಮೂಲದವರ ಆಚರಣೆಗಳನ್ನು ಬೀದಿಯಿಂದ ಮನೆಯೊಳಗೆ ತಳ್ಳಿದ್ದ 1967ರ ನಿರ್ಬಂಧವನ್ನು ಅದು ತೆಗೆದುಹಾಕಿತು. ಸಿಂಹನೃತ್ಯ ಮತ್ತೆ ಬೀದಿಗಿಳಿಯಿತು. (ಚೀನೀ ಹೊಸವರ್ಷ ರಾಷ್ಟ್ರೀಯ ರಜೆಯಾದದ್ದು ಮಾತ್ರ ವಾಹಿದ್ ನಂತರ ಅಧ್ಯಕ್ಷರಾದ ಮೇಘಾವತಿಯವರ ಕಾಲದಲ್ಲಿ, 2003ರಿಂದ.)

2001ರ ನವೆಂಬರ್‌ನಲ್ಲಿ ಸಂವಿಧಾನವನ್ನೇ ತಿದ್ದಿದರು. ಅಧ್ಯಕ್ಷರ ಮೇಲಿನ ಆರೋಪವನ್ನು ಈಗ ಮೊದಲು ಸಂವಿಧಾನ ನ್ಯಾಯಾಲಯ ಪರಿಶೀಲಿಸಬೇಕು. ಆ ರಕ್ಷಣೆ ವಾಹಿದ್ ಅವರಿಗೆ ಸಿಕ್ಕಿರಲಿಲ್ಲ.

ಇತಿ,
ಒಬ್ಬ ಓದುಗ