ಕ್ಲೌಡಿಗೂ ಒಂದು ದಾಸ್ತಾನು ಪುಸ್ತಕ ಇಡಿ

ಸಂಪಾದಕರಿಗೆ ನಮಸ್ಕಾರ,

ಸಂಘಗಳು, ಸಣ್ಣ ಅಂಗಡಿಗಳು, ಹೋಂಸ್ಟೇಗಳು ಎಲ್ಲ ಈಗ ತಮ್ಮ ಲೆಕ್ಕಪತ್ರ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ದೊಡ್ಡ ಕಂಪನಿಗಳ ಕಂಪ್ಯೂಟರಿಗೆ, ಹಾಕುತ್ತಿವೆ. ಒಳ್ಳೆಯದೇ. ಆದರೆ ಹಾಕಿದ ಮೇಲೆ ಅಲ್ಲಿ ಯಾವುದನ್ನು ಯಾವುದರ ಜೊತೆ ಇಡಬೇಕು ಅನ್ನೋದನ್ನು ಯಾರೂ ಹೇಳಿಕೊಡುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಶಿರಸಿ ಹತ್ತಿರದ ಹಳ್ಳಿಯವನು. ಬೆಂಗಳೂರಿನಲ್ಲಿದ್ದೆ, 2020ರಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ. ಕ್ಲೌಡ್ ನೋಡಿಕೊಳ್ಳುವುದೇ ನನ್ನ ಕೆಲಸ. ನಮ್ಮ ಕಡೆಯ ಒಂದು ಸಣ್ಣ ಸಂಘದಲ್ಲಿ ಸದಸ್ಯ ಕೂಡ, ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಆಫೀಸಿನ ಕಂಪ್ಯೂಟರ್ ಎರಡು ಸಲ ಸಿಡಿಲಿಗೆ ಸುಟ್ಟಿತ್ತು. ಹಾಗಾಗಿ ಸದಸ್ಯರ ಅಡಿಕೆ ಲೆಕ್ಕ, ಗೊಬ್ಬರದ ಬಾಕಿ ಎಲ್ಲ ಮೊಬೈಲಿನಲ್ಲೇ ಕಾಣುವ ಹಾಗೆ ಒಂದು ಆ್ಯಪ್ ಮಾಡಿಸಿ, ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಝೂರ್‌ನಲ್ಲಿ ಇಟ್ಟರು. ಮಾಡಿಕೊಟ್ಟವರು ಮೊದಲು ಪರೀಕ್ಷೆ ನೋಡಲು ಒಂದು ರಿಸೋರ್ಸ್ ಗ್ರೂಪ್ (ಕ್ಲೌಡಿನ ಸಾಮಾನುಗಳನ್ನು ಒಟ್ಟಿಗೆ ಇಡುವ ಗುಂಪು) ಮಾಡಿ ಅದಕ್ಕೆ ‘ಟೆಸ್ಟ್’ ಅಂತ ಹೆಸರಿಟ್ಟಿದ್ದರು. ಆ್ಯಪ್ ಚೆನ್ನಾಗಿ ನಡೆಯಿತು. ಅದೇ ಗುಂಪಿನಲ್ಲೇ ಅಸಲಿ ಲೆಕ್ಕವೂ ಶುರುವಾಯಿತು. ಹೆಸರು ಬದಲಿಸೋಣ ಅಂದರೆ ಅಝೂರ್‌ನಲ್ಲಿ ಗುಂಪಿನ ಹೆಸರು ಬದಲಿಸಲು ಬರುವುದಿಲ್ಲ, ಬೇರೆ ಗುಂಪು ಮಾಡಿ ಸಾಮಾನು ಸಾಗಿಸಬೇಕು. ಮುಂದೆ ನೋಡಿದರಾಯ್ತು ಅಂತ ಬಿಟ್ಟರು.

ಒಂದು ವರ್ಷ ಕಳೆಯಿತು. ಬಿಲ್ ಯಾಕೆ ಇಷ್ಟು ಜಾಸ್ತಿ ಅಂತ ಕಮಿಟಿ ಕೇಳಿತು. ಹೊಸದಾಗಿ ಬಂದ ಹುಡುಗನೊಬ್ಬ ಬೇಡದ್ದನ್ನು ತೆಗೆಯಲು ಕೂತ. ‘ಟೆಸ್ಟ್’ ಕಂಡಿತು. ಗುಂಪು ಅಳಿಸುವ ಮೊದಲು ಅದರ ಹೆಸರನ್ನು ಟೈಪ್ ಮಾಡು ಅಂತ ಅಝೂರ್ ಕೇಳುತ್ತದೆ, ಅವನು ಟೈಪ್ ಮಾಡಿದ. ಹೆಸರೇ ಟೆಸ್ಟ್ ಅಂತ ಇದ್ದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಅಲ್ಲಿ ಗುಂಪು ಅಳಿಸಿದರೆ ಒಳಗಿರುವುದೆಲ್ಲ ಅಳಿಯುತ್ತದೆ. ಮಷಿನ್ (ಆ್ಯಪ್ ನಡೆಸುವ ಬಾಡಿಗೆ ಕಂಪ್ಯೂಟರ್) ಹೋಯಿತು, ಡಿಸ್ಕ್ ಹೋಯಿತು, ಲೆಕ್ಕ ಹೋಯಿತು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ತಿಂಗಳ ಒಂದು ಪ್ರತಿ ಇತ್ತು, ಪುಣ್ಯ. ನಡುವಿನ ಮೂರು ವಾರದ್ದನ್ನು ಗುಮಾಸ್ತರು ರಸೀದಿ ಪುಸ್ತಕ ನೋಡಿ ಒಂದೊಂದಾಗಿ ಮತ್ತೆ ಹಾಕಿದರು, ಅದೂ ಕೊನೆಕೊಯ್ಲಿನ ಗಡಿಬಿಡಿಯಲ್ಲಿ, ರಾತ್ರಿ ಹತ್ತರ ತನಕ ಕೂತು. ಎಲ್ಲರೂ ಆ ಹುಡುಗನನ್ನೇ ಬೈದರು. ನನಗೆ ಅದು ಸರಿ ಕಾಣಲಿಲ್ಲ. ತಪ್ಪು ಆದದ್ದು ಒಂದು ವರ್ಷದ ಹಿಂದೆ, ಅಸಲಿ ಲೆಕ್ಕವನ್ನು ಆ ಗುಂಪಿಗೆ ಸೇರಿಸಿದ ದಿನ.

ಹಾಗಾದರೆ ಗುಂಪು ಹೇಗೆ ಮಾಡಬೇಕು? ಹೆಚ್ಚಿನವರು ಜಾತಿ ನೋಡಿ ಮಾಡುತ್ತಾರೆ. ಡೇಟಾಬೇಸ್ (ಲೆಕ್ಕದ ಮಾಹಿತಿ ಜೋಡಿಸಿಡುವ ಜಾಗ) ಎಲ್ಲ ಒಂದು ಕಡೆ, ಮಷಿನ್ ಎಲ್ಲ ಒಂದು ಕಡೆ. ಅಡಿಕೆಗೆ ಅದು ಸರಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಬೇರೆ ಬೇರೆ ಮಾಡಿದರೆ ಮಾತ್ರ ರೇಟು ಸಿಗುತ್ತದೆ. ಆದರೆ ಮನೆಯೊಳಗೆ ಹಾಗೆ ಮಾಡುತ್ತೇವಾ? ಬಚ್ಚಲ ಹಂಡೆಯೂ ತಾಮ್ರದ್ದೇ, ದೇವರ ಕೋಣೆಯ ಕೊಡವೂ ತಾಮ್ರದ್ದೇ, ಎರಡೂ ತಾಮ್ರ ಅಂತ ಒಟ್ಟಿಗೆ ಇಡುವುದಿಲ್ಲ ಅಲ್ವಾ? ಕ್ಲೌಡಿನಲ್ಲೂ ಕೆಲಸ ನೋಡಿ ಇಡಬೇಕು. ಸದಸ್ಯರ ಆ್ಯಪ್‌ಗೆ ಬೇಕಾದ ಮಷಿನ್, ಡೇಟಾಬೇಸ್, ಡಿಸ್ಕ್ ಎಲ್ಲ ಒಂದು ಗುಂಪು. ಯಾವುದು ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯುತ್ತದೋ ಅದು ಒಂದು ಗುಂಪು. ಪರೀಕ್ಷೆಯದ್ದು ಬೇರೆಯೇ. ಬ್ಯಾಕಪ್ ಪ್ರತಿಯನ್ನಂತೂ ದಯವಿಟ್ಟು ಅದೇ ಗುಂಪಿನಲ್ಲಿ ಇಡಬೇಡಿ. ಅಝೂರ್‌ನಲ್ಲಿ ಒಂದು ವಸ್ತು ಒಂದೇ ಗುಂಪಿನಲ್ಲಿ ಇರಬಹುದು, ಗುಂಪಿನೊಳಗೆ ಇನ್ನೊಂದು ಗುಂಪು ಮಾಡಲೂ ಬರುವುದಿಲ್ಲ. ಅದಕ್ಕೇ ಮೊದಲೇ ಕೂತು ಯೋಚಿಸಬೇಕು. ಗುಂಪಿಗೆ ಅಳಿಸದಂತೆ ಲಾಕ್ ಹಾಕುವ ಅನುಕೂಲವೂ ಅಲ್ಲೇ ಇದೆ. ಕಾಸು ಬೇಡ, ಎರಡು ನಿಮಿಷದ ಕೆಲಸ. ನಮ್ಮ ಸಂಘದಲ್ಲಿ ಅದನ್ನು ಯಾರೂ ಹಾಕಿರಲಿಲ್ಲ. ನಾನೂ ಒಬ್ಬ ಸದಸ್ಯನಾಗಿ ಕೇಳಿರಲಿಲ್ಲ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಎಲ್ಲ ಕಡೆ ಗುಂಪು ಒಂದೇ ಥರ ಅಲ್ಲ ಅನ್ನೋದೂ ಗೊತ್ತಿರಲಿ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ರಿಸೋರ್ಸ್ ಗ್ರೂಪ್ ಅಂದರೆ ಬರೀ ಒಂದು ಪಟ್ಟಿ ಇದ್ದ ಹಾಗೆ, ಅದನ್ನು ಅಳಿಸಿದರೆ ಒಳಗಿನ ಮಷಿನ್ ಅಳಿಯುವುದಿಲ್ಲ. ಗೂಗಲ್‌ನಲ್ಲಿ ಪ್ರಾಜೆಕ್ಟ್ ಅಂತ ಇದೆ, ಅದನ್ನು ಡಿಲೀಟ್ ಮಾಡಿದರೆ ಪೂರ್ತಿ ಹೋಗುವ ಮೊದಲು 30 ದಿನ ಗಡುವು ಸಿಗುತ್ತದೆ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದಾಗ ಇಲ್ಲೇ ಎಡವುತ್ತಾರೆ.

ಇನ್ನು ಟ್ಯಾಗ್. ಮಂಡಿಯಲ್ಲಿ ಪ್ರತಿ ಲಾಟಿಗೂ ಚೀಟಿ ಇರುತ್ತದಲ್ಲ, ಹಾಗೆಯೇ. ಇದು ಯಾವ ಕೆಲಸಕ್ಕೆ, ಯಾರ ಹೊಣೆ, ಯಾವಾಗ ತೆಗೆಯಬಹುದು, ಇಷ್ಟು ಬರೆದರೆ ಸಾಕು. ಅಝೂರ್‌ನಲ್ಲೂ ಎಡಬ್ಲ್ಯೂಎಸ್‌ನಲ್ಲೂ ಒಂದು ವಸ್ತುವಿಗೆ 50 ಟ್ಯಾಗ್ ತನಕ ಹಾಕಬಹುದು, ನಮಗೆ ಮೂರು ನಾಲ್ಕು ಸಾಕು. ಒಂದು ವಿಷಯ ಮರೆಯಬೇಡಿ. ಅಝೂರ್‌ನಲ್ಲಿ ಗುಂಪಿಗೆ ಹಾಕಿದ ಟ್ಯಾಗ್ ಒಳಗಿನ ವಸ್ತುಗಳಿಗೆ ತಾನಾಗಿ ಬರುವುದಿಲ್ಲ. ಎಡಬ್ಲ್ಯೂಎಸ್‌ನಲ್ಲಿ ಟ್ಯಾಗ್ ಪ್ರಕಾರ ಖರ್ಚು ಕಾಣಬೇಕು ಅಂದರೆ ಬಿಲ್ಲಿಂಗ್‌ಗೆ ಹೋಗಿ ಆ ಟ್ಯಾಗನ್ನು ಬೇರೆಯಾಗಿ ಚಾಲೂ ಮಾಡಬೇಕು.

ಚೀಟಿ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಗೋಕರ್ಣದಲ್ಲಿ ಹೋಂಸ್ಟೇ ಇಟ್ಟಿರುವ ಗೆಳೆಯನನ್ನು ಕೇಳಬೇಕು. ಎಡಬ್ಲ್ಯೂಎಸ್‌ನಲ್ಲಿದ್ದ ಹಳೆ ಬುಕಿಂಗ್ ಮಷಿನ್ ನಿಲ್ಲಿಸಿದ್ದೇನೆ, ಆದರೂ ದುಡ್ಡು ಹೋಗುತ್ತಿದೆ ಅಂದ. ಮಷಿನ್ ನಿಲ್ಲಿಸಿದರೂ ಅದರ ಡಿಸ್ಕ್ ಇದ್ದಷ್ಟು ದಿನ ಬಾಡಿಗೆ ಬೀಳುತ್ತದೆ. ಜೊತೆಗೆ ಅಲ್ಲಿ ಪಬ್ಲಿಕ್ ಐಪಿವಿ4 ವಿಳಾಸ (ಇಂಟರ್ನೆಟ್ಟಿನಲ್ಲಿ ಮಷಿನ್ ಹುಡುಕುವ ನಂಬರು) ಒಂದಕ್ಕೆ, ಬಳಸಲಿ ಬಿಡಲಿ, 2024ರ ಫೆಬ್ರವರಿಯಿಂದ ಗಂಟೆಗೆ ಅರ್ಧ ಸೆಂಟ್ ಹಾಕುತ್ತಾರೆ, ಅಂದರೆ ತಿಂಗಳಿಗೆ ಸುಮಾರು 3.6 ಡಾಲರ್. ಅವನ ಅಕೌಂಟಿನಲ್ಲಿ ಅಂಥವು ನಾಲ್ಕು ಇದ್ದವು. ಯಾವುದು ಯಾತಕ್ಕೆ ಅಂತ ಅವನಿಗೂ ಗೊತ್ತಿಲ್ಲ, ಮಾಡಿಕೊಟ್ಟವರು ಫೋನ್ ಎತ್ತುವುದಿಲ್ಲ. ತೆಗೆದರೆ ಏನು ನಿಂತು ಹೋಗುತ್ತದೋ ಅಂತ ಹೆದರಿ ಸುಮ್ನೆ ಎಂಟು ತಿಂಗಳು ದುಡ್ಡು ಕಟ್ಟಿದ.

ಸಂಘಗಳ ಕಮಿಟಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಸಂಘದಲ್ಲೂ ದಾಸ್ತಾನು ಪುಸ್ತಕ ಇದೆ. ಗೋಣಿಚೀಲ ಎಷ್ಟು, ತಕ್ಕಡಿ ಎಷ್ಟು, ಕುರ್ಚಿ ಎಷ್ಟು ಅಂತ ವರ್ಷಕ್ಕೊಮ್ಮೆ ಎಣಿಸುತ್ತೀರಿ. ಕ್ಲೌಡಿನಲ್ಲಿರುವುದನ್ನೂ ಅದರಲ್ಲಿ ಬರೆಯಿರಿ. ಯಾವ ಗುಂಪು, ಒಳಗೆ ಏನೇನಿದೆ, ಯಾರ ಹೊಣೆ, ತಿಂಗಳಿಗೆ ಎಷ್ಟು. ಅಕೌಂಟ್ ಸಂಘದ ಹೆಸರಿನಲ್ಲೇ ಇರಲಿ, ಮಾಡಿಕೊಟ್ಟವರ ಹೆಸರಿನಲ್ಲಿ ಬೇಡ. ಅವರು ಬೇರೆ ಕೆಲಸ ಹಿಡಿದು ಹೋದರೆ ನಮ್ಮ ಮನೆಯ ಬೀಗದ ಕೈ ಅವರ ಜೇಬಿನಲ್ಲೇ ಹೋಗುತ್ತದೆ. ಲೆಕ್ಕ ತಪಾಸಣೆಗೆ ಬರುವವರೂ ಈ ಪುಸ್ತಕ ಎಲ್ಲಿ ಅಂತ ಒಂದು ಮಾತು ಕೇಳಿದರೆ ಒಳ್ಳೆಯದು.

ನಮ್ಮ ಸಂಘದಲ್ಲಿ ಶುರು ಮಾಡಿದ್ದೇವೆ. ಈವರೆಗೆ 14 ಸಾಲು ಬರೆದಾಗಿದೆ. ಮೂರು ಸಾಲಿನ ಮುಂದೆ ಹೊಣೆಗಾರರ ಜಾಗ ಇನ್ನೂ ಖಾಲಿ ಇದೆ, ಅವು ಯಾರದ್ದು ಅಂತ ಹುಡುಕುತ್ತಿದ್ದೇವೆ.

– ಒಬ್ಬ ಓದುಗ, ಶಿರಸಿ