ಮೂಡಲ ಕೋಣೆಗೆ ಬಣ್ಣ ಬಳಿಯುವ ಮುನ್ನ

ಗ್ಲಾಸ್ಗೋ
ಶ್ರಾವಣದ ಎರಡನೆಯ ಶನಿವಾರ

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅವ್ವನಿಗೂ ನಿಮ್ಮ ಮಗನ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ನೀವೂ ಅಜ್ಜಿಯೂ ಚಿಕ್ಕಪ್ಪನ ಮನೆಯವರೂ ಕ್ಷೇಮವೆಂದು ತಿಳಿದಿದ್ದೇನೆ.

ನಿಮ್ಮ ಕಾಗದ ಗುರುವಾರ ಕೈ ಸೇರಿತು. ತಂಗಿ ಪುಟ್ಟಿಯ ಸೀಮಂತಕ್ಕೆ ದಿನ ನೋಡಿಸಿರುವುದನ್ನೂ ಅವ್ವನ ಮಂಡಿನೋವು ಇಳಿದಿರುವುದನ್ನೂ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ನೀವು ಎರಡೇ ಸಾಲಿನಲ್ಲಿ ಬರೆದು ಮುಗಿಸಿದ ಸಂಗತಿ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿದೆ. ಮೂಡಲ ಕೋಣೆಯನ್ನು ಪುಟ್ಟಿಯ ಬಾಣಂತನಕ್ಕೆ ಅಣಿಗೊಳಿಸುತ್ತಿರುವುದಾಗಿಯೂ, ಪೇಂಟರು ಬಂದು ನೋಡಿ, ಬಣ್ಣಕ್ಕೆ ಮುಂಚೆ ಹಚ್ಚುವ ಪ್ರೈಮರ್ ಹಳೆಯ ಗೋಡೆಗೆ ದಂಡ, ನೇರವಾಗಿ ಎರಡು ಕೋಟು ಹೊಡೆದು ಮೂರೇ ದಿನದಲ್ಲಿ ಕೋಣೆ ಬಿಟ್ಟುಕೊಡುತ್ತೇನೆ ಎಂದುದಾಗಿಯೂ, ನೀವು ಅದಕ್ಕೆ ಒಪ್ಪಿರುವುದಾಗಿಯೂ ಬರೆದಿದ್ದೀರಿ. ಕಾಗದ ಬರುವ ತನಕ ಕೆಲಸಕ್ಕೆ ಕೈ ಹಾಕುವುದು ಬೇಡವೆಂದು ನಿನ್ನೆ ಫೋನಿನಲ್ಲಿ ಹೇಳಿದೆನಲ್ಲ, ಅದರ ಕಾರಣವೆಲ್ಲ ಇಲ್ಲಿದೆ. ಫೋನಿನಲ್ಲಿ ವಿವರಿಸಲು ಹೊರಟರೆ ನೀವು "ಆಯ್ತು ಬಿಡು" ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಪೇಂಟರನ್ನು ಕೂರಿಸಿಕೊಂಡು ಅವರಿಗೂ ಓದಿ ಹೇಳಬಹುದು.

ಅಪ್ಪ, ಆ ಕೋಣೆಯ ಗೋಡೆಗೆ ಒರಗಿಕೊಂಡೇ ನಾನು ಹತ್ತನೆಯ ತರಗತಿಯವರೆಗೆ ಓದಿದ್ದು. ಎದ್ದು ನಿಂತರೆ ನೀಲಿ ಅಂಗಿಯ ಬೆನ್ನಿನ ತುಂಬ ಸುಣ್ಣ ಹತ್ತಿರುತ್ತಿತ್ತು. ಅವ್ವ ಸೆರಗಿನಿಂದ ಕೊಡವಿ ಶಾಲೆಗೆ ಕಳಿಸುತ್ತಿದ್ದಳು. ಅಜ್ಜಿ ವರ್ಷ ವರ್ಷವೂ ಪಿತೃಪಕ್ಷಕ್ಕೆ ಮುಂಚೆ ಬಾನಿಯಲ್ಲಿ ಸುಣ್ಣ ಕದಡಿ, ಚಿಟಿಕೆ ನೀಲಿ ಹಾಕಿ, ಅನ್ನದ ಗಂಜಿ ಬೆರೆಸಿ, ಕತ್ತಾಳೆ ನಾರಿನ ಕುಂಚದಿಂದ ಬಳಿಯುತ್ತಿದ್ದುದು ನಿಮಗೆ ನನಗಿಂತ ಚೆನ್ನಾಗಿ ನೆನಪಿದೆ. ಹಾಗೆ ಬಳಿದ ಅಷ್ಟೂ ವರ್ಷಗಳ ಸುಣ್ಣ ಆ ಮೂರು ಗೋಡೆಗಳ ಮೇಲೆ ಪದರ ಪದರವಾಗಿ ಕೂತಿದೆ. ಅದರ ಮೇಲೆ ನೇರವಾಗಿ ಬಣ್ಣ ಹೊಡೆದರೆ ಬಣ್ಣ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಆ ಪುಡಿಯನ್ನು. ಪುಡಿ ಗೋಡೆಯನ್ನು ಬಿಟ್ಟ ದಿನ ಬಣ್ಣವೂ ಬಿಡುತ್ತದೆ. ಅಷ್ಟೇ ಅಲ್ಲದೆ, ಒಣಗಿದ ಹಳೆಯ ಗೋಡೆ ಬಣ್ಣದ ನೀರನ್ನೂ ಅದರಲ್ಲಿರುವ ಅಂಟನ್ನೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಡಿಯುವುದರಿಂದ ಎರಡು ಕೋಟು ಹೊಡೆದರೂ ತೇಪೆ ತೇಪೆಯಾಗಿ ಕಾಣುತ್ತದೆ, ಆಗ ಪೇಂಟರು ಮೂರನೆಯ ಕೋಟು ಬೇಕೆನ್ನುತ್ತಾರೆ. ಪ್ರೈಮರ್ ಬಣ್ಣಕ್ಕಿಂತ ಅಗ್ಗ. ಗೋಡೆಯ ಬಾಯಾರಿಕೆಯನ್ನು ಅದರಿಂದ ತೀರಿಸಿದರೆ ಬೆಲೆಯ ಬಣ್ಣ ಉಳಿಯುತ್ತದೆ. ದುಡ್ಡು ಉಳಿಸುವುದಕ್ಕಾಗಿಯೇ ನೀವು ಪ್ರೈಮರ್ ಬೇಡವೆಂದಿರುವುದಾದರೆ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿದ್ದಾಗ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯದ ಕಬ್ಬಿಣಕ್ಕೆ ಬಣ್ಣದ ಕುಂಚ ತಾಗಿಸಲು ನೀವು ಬಿಡುತ್ತಿರಲಿಲ್ಲವೆಂದು ಎಷ್ಟು ಸಲ ಹೇಳಿದ್ದೀರಿ! ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಮಾಡುವ ಕೆಲಸವನ್ನೇ ಗೋಡೆಗೆ ಪ್ರೈಮರ್ ಮಾಡುತ್ತದೆ. ಅಲ್ಲಿ ತುಕ್ಕು, ಇಲ್ಲಿ ಪುಡಿ ಮತ್ತು ಸುಣ್ಣದ ಕ್ಷಾರ, ಅಷ್ಟೇ ವ್ಯತ್ಯಾಸ.

ನಾನು ಇದನ್ನು ಕಲಿತದ್ದು ಇಲ್ಲಿ, ನಷ್ಟ ಮಾಡಿಕೊಂಡು. ಈ ಊರಿನ ಮನೆಗಳು ಕೆಂಪು ಮತ್ತು ಹೊಂಬಣ್ಣದ ಮರಳುಗಲ್ಲಿನವು, ಮೂರು ನಾಲ್ಕು ಅಂತಸ್ತಿನವು; ಒಂದೇ ಮೆಟ್ಟಿಲಿಗೆ ಏಳೆಂಟು ಸಂಸಾರ. ಮನೆಗೆ ಬಣ್ಣ ಹೊಡೆಯಲು ಹೆಚ್ಚಿನವರು ಯಾರನ್ನೂ ಕರೆಯುವುದಿಲ್ಲ. ದೊಡ್ಡ ದೊಡ್ಡ ಹುದ್ದೆಯಲ್ಲಿರುವವರೂ ಶನಿವಾರ ಹಳೆಯ ಬಟ್ಟೆ ತೊಟ್ಟು ಏಣಿ ಹತ್ತುತ್ತಾರೆ. ಅಂಗಡಿಗೆ ಹೋಗಿ ಬಿಳಿ ಬಣ್ಣ ಕೊಡಿ ಎಂದರೆ ಯಾವ ಬಿಳಿ ಎಂದು ಕೇಳುತ್ತಾರೆ. ಹಾಲಿನ ಬಿಳಿ, ಹತ್ತಿಯ ಬಿಳಿ, ಸೀಮೆಸುಣ್ಣದ ಬಿಳಿ ಎಂದು ಒಂದು ಗೋಡೆಯ ತುಂಬ ಬಿಳಿಗಳೇ. ನಾನಿರುವ ಮನೆಯಲ್ಲಿ ಕಳೆದ ವರ್ಷ ಪೈಪು ಸೋರಿ ಗೋಡೆ ಕೆಟ್ಟಾಗ ಮಾಲೀಕರು ಗಾರೆ ಮಾಡಿಸಿಕೊಟ್ಟರು, ಬಣ್ಣ ನಾನೇ ಹೊಡೆಯುತ್ತೇನೆಂದೆ. ಹೊಸ ಗಾರೆಯ ಮೇಲೆ ದಪ್ಪ ಬಣ್ಣವನ್ನು ನೇರವಾಗಿ ಎರಡು ಕೋಟು ಹೊಡೆದೆ. ನೋಡಲು ಕನ್ನಡಿಯ ಹಾಗಿತ್ತು. ತಿಂಗಳು ಕಳೆದು ಕ್ಯಾಲೆಂಡರಿಗೆ ಅಂಟಿಸಿದ್ದ ಟೇಪನ್ನು ಕಿತ್ತೆ. ಟೇಪಿನ ಜೊತೆಗೆ ಅಂಗೈ ಅಗಲದ ಬಣ್ಣ ಕೆನೆಯ ಹಾಗೆ ಎದ್ದು ಬಂತು. ಅದರ ಹಿಂಬದಿಯನ್ನು ಬೆರಳಿನಿಂದ ಸವರಿದರೆ ತಿಳಿಗುಲಾಬಿ ಗಾರೆಯ ಪುಡಿ. ಅಂಚನ್ನು ಹಿಡಿದು ಎಳೆದಷ್ಟೂ ಬರುತ್ತಲೇ ಇತ್ತು.

ಕೆಳಮನೆಯ ಹಿರಿಯರು ನಿವೃತ್ತ ಪೇಂಟರು. ಅವರನ್ನು ಕರೆದು ತೋರಿಸಿದೆ. ಇಲ್ಲಿನ ಒಳಗೋಡೆಯ ಗಾರೆ ಜಿಪ್ಸಮ್ಮಿನದು. ಹಸಿಯಾಗಿದ್ದಾಗ ಕಂದು, ಪೂರ್ತಿ ಒಣಗಿದಾಗ ತಿಳಿಗುಲಾಬಿ. ಎಲ್ಲಿಯಾದರೂ ಕಂದು ಮಚ್ಚೆ ಉಳಿದಿದ್ದರೆ ಕುಂಚ ಮುಟ್ಟಬಾರದು, ಒಣಗಿದ ಮೇಲೆ ಮೊದಲ ಕೋಟನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಹೊಡೆಯಬೇಕು, ಅದನ್ನು ಮಿಸ್ಟ್ ಕೋಟು ಎನ್ನುತ್ತೇವೆ ಎಂದು ಅವರು ಹೇಳಿಕೊಟ್ಟರು. ಮಿಸ್ಟ್ ಎಂದರೆ ಇಬ್ಬನಿಯ ಮಂಜು. ಹಾಗೆ ತೆಳ್ಳಗಿದ್ದರೆ ಗಾರೆ ಅದನ್ನು ಒಳಗೆಳೆದುಕೊಂಡು ಮೇಲಿನ ಬಣ್ಣಕ್ಕೆ ಹಿಡಿ ಕೊಡುತ್ತದೆ. ನಿಮ್ಮ ದೇಶದಲ್ಲಿ ಇದೆಲ್ಲ ಉಂಟೋ ಎಂದು ಅವರು ಕೇಳಿದಾಗ ಮಾತ್ರ ನಾನು ಸುಮ್ಮನಿರಲಿಲ್ಲ. ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತೆಂದೂ, 1962ರ ಚುನಾವಣೆಯಿಂದ ಹಿಡಿದು ಇವತ್ತಿನವರೆಗೆ ಇಡೀ ಭಾರತದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತದೆಂದೂ, ಹೊರದೇಶಗಳೂ ಅದನ್ನು ಕೊಳ್ಳುತ್ತವೆಂದೂ ಹೇಳಿದೆ. ಅವರು ತಮ್ಮ ಬೆರಳನ್ನೇ ನೋಡಿಕೊಂಡು ತಲೆದೂಗಿದರು. ಅಂಥ ಸೀಮೆಯ ನಮ್ಮ ಮನೆಯಲ್ಲಿ ಬಣ್ಣ ಹಪ್ಪಳದ ಹಾಗೆ ಏಳಬಾರದೆಂಬುದು ನನ್ನ ಆಸೆ.

ಈಗ ನನ್ನ ನಿಜವಾದ ಚಿಂತೆಗೆ ಬರುತ್ತೇನೆ. ಆ ಕೋಣೆಯಲ್ಲಿ ಮಲಗುವವಳು ಹಸಿಬಾಣಂತಿ, ಪಕ್ಕದಲ್ಲಿ ಹಸುಗೂಸು. ಬೆಚ್ಚಗಿರಲೆಂದು ಅವ್ವ ಕಿಟಕಿ ಮುಚ್ಚಿಯೇ ಇಡುತ್ತಾಳೆ. ಹಾಗಿರುವಾಗ ಬಚ್ಚಲುಮನೆಯ ಪಕ್ಕದ ನಾಲ್ಕನೆಯ ಗೋಡೆ ನನ್ನನ್ನು ಹೆದರಿಸುತ್ತಿದೆ. ಉಪ್ಪು ತಿಂದು ಉದುರುತ್ತಿದ್ದ ಹಳೆಯ ಗಾರೆಯನ್ನು ಕಿತ್ತು ಆಷಾಢದ ಕೊನೆಯಲ್ಲಿ ಸಿಮೆಂಟು ಗಾರೆ ಮಾಡಿಸಿದಿರಿ. ವಾರ ನೀರುಣಿಸಿದ ಮೇಲೆಯೂ ಹೊಸ ಸಿಮೆಂಟು ಗಾರೆ ಒಣಗಲು ಕಡಿಮೆಯೆಂದರೆ 28 ದಿನ ಬೇಕು, ಈ ಮಳೆಯಲ್ಲಿ ಇನ್ನೂ ಹೆಚ್ಚು. ಅದಕ್ಕೆ ಮುಂಚೆ ಬಣ್ಣ ಮುಚ್ಚಿದರೆ ಒಳಗಿನ ನೀರು ಹೊರಬರಲು ದಾರಿ ಹುಡುಕುತ್ತದೆ; ಬರುವಾಗ ಬಿಳಿ ಉಪ್ಪನ್ನು ಎಳೆದುಕೊಂಡು ಬರುತ್ತದೆ, ಬಣ್ಣ ಗುಳ್ಳೆಯೇಳುತ್ತದೆ, ಆಮೇಲೆ ಬೂಷ್ಟು. ಆ ಬೂಷ್ಟಿನ ಗಾಳಿಯನ್ನು ಮಗು ಉಸಿರಾಡಬಾರದು. ಇಲ್ಲಿ ಒಂದು ಮಾತನ್ನು ಪೇಂಟರಿಗೆ ಸ್ಪಷ್ಟವಾಗಿ ಹೇಳಿ: ಪ್ರೈಮರ್ ನೀರು ತಡೆಯುವ ಮದ್ದಲ್ಲ. ಬಚ್ಚಲಿನ ಪೈಪು ಎಲ್ಲಿಯಾದರೂ ಜಿನುಗುತ್ತಿದ್ದರೆ ಮೊದಲು ಪ್ಲಂಬರನ್ನು ಕರೆಸಬೇಕು.

ಗೋಡೆ ಒಣಗಿದೆಯೇ ಎಂದು ನೋಡಲು ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಒಳಮೈಯಲ್ಲಿ ಬೆವರಿದ ಹಾಗೆ ನೀರಾಡಿದರೆ ಗೋಡೆ ಇನ್ನೂ ಹಸಿ. ಪಿತೃಪಕ್ಷದ ಹೊತ್ತಿಗೂ ಹಾಗೆಯೇ ಇದ್ದರೆ, ನನ್ನ ಬೇಡಿಕೆ ಇಷ್ಟು: ಈ ವರ್ಷ ಆ ಒಂದು ಗೋಡೆಗೆ ಬಣ್ಣವೂ ಬೇಡ, ಪ್ರೈಮರೂ ಬೇಡ. ಅಜ್ಜಿಯನ್ನು ಕೇಳಿ ಗಂಜಿ ಬೆರೆಸಿದ ಸುಣ್ಣವನ್ನು ತೆಳ್ಳಗೆ ಒಂದು ಕೈ ಬಳಿಸಿಬಿಡಿ. ಸುಣ್ಣದಲ್ಲಿ ಗೋಡೆ ಉಸಿರಾಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಮೂರು ಗೋಡೆ ಬಣ್ಣದ್ದು, ಒಂದು ಸುಣ್ಣದ್ದಾದರೆ ನೋಡಿದವರು ಏನೆನ್ನುತ್ತಾರೋ ಎಂದು ನೀವು ಸಂಕೋಚಪಡುವುದು ಬೇಡ. ಸುಣ್ಣ ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯಲ್ಲೇ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ ಸೀಮೆ ನಮ್ಮದು. ಮುಂದಿನ ಬೇಸಿಗೆಯಲ್ಲಿ ಗೋಡೆ ಗಟ್ಟಿಯಾಗಿ ಒಣಗಿದ ಮೇಲೆ ಆ ಸುಣ್ಣವನ್ನು ಕೆರೆದು, ಪ್ರೈಮರ್ ಹಚ್ಚಿ, ಉಳಿದ ಮೂರರ ಜೊತೆ ಸೇರಿಸೋಣ.

ಉಳಿದ ಮೂರು ಗೋಡೆಗಳಿಗೆ ಹೀಗೆ ಮಾಡಿಸಿ. ಸುಣ್ಣಕ್ಕೆ ನೀರು ಚಿಮುಕಿಸಿ ನೆನೆಸಿಕೊಂಡು ಗಟ್ಟಿ ಗಾರೆ ಸಿಗುವ ತನಕ ಕೆರೆಯಬೇಕು. ಒಣಗಿರುವಾಗ ಕೆರೆದರೆ ಮನೆಯೆಲ್ಲ ಧೂಳು. ಸುಣ್ಣ ಕೆರೆಯದೆ ಪ್ರೈಮರ್ ಹಚ್ಚಿದರೂ ಪ್ರಯೋಜನವಿಲ್ಲ, ಅದೂ ಪುಡಿಯ ಮೇಲೆಯೇ ನಿಲ್ಲುತ್ತದೆ. ತೊಳೆದು ಒಣಗಿಸಿದ ಮೇಲೆ ಅಂಗೈಯಿಂದ ಒರೆಸಿ ನೋಡಿ, ಕೈಗೆ ಪುಡಿ ಹತ್ತಬಾರದು. ಆಗ ಪ್ರೈಮರ್ ಒಂದು ಕೋಟು. ಅದಕ್ಕೆ ಡಬ್ಬದ ಮೇಲೆ ಬರೆದಿರುವಷ್ಟೇ ನೀರು ಬೆರೆಸಬೇಕು, ಮಜ್ಜಿಗೆಯ ಹಾಗೆ ಮಾಡಿದರೆ ಅದರ ಅಂಟು ಹೋಗುತ್ತದೆ. ಬೆರೆಸುವಾಗ ನೀವೇ ಎದುರಿಗೆ ನಿಲ್ಲಿ. ರಾತ್ರಿ ಒಣಗಲು ಬಿಟ್ಟು, ಮಾರನೆಯ ದಿನ ಗುಳಿ ಮುಚ್ಚುವ ವಾಲ್ ಪುಟ್ಟಿಯನ್ನು ಮೆತ್ತಿ, ಎಮರಿ ಕಾಗದದಿಂದ ಉಜ್ಜಿ, ಧೂಳು ಒರೆಸಿ, ಮೆತ್ತಿದ ಕಡೆಗಳಿಗೆ ಮತ್ತೆ ಪ್ರೈಮರ್ ಮುಟ್ಟಿಸಬೇಕು. ಆಮೇಲೆ ಬಣ್ಣ. ಎಣ್ಣೆಯ ಪ್ರೈಮರ್ ತರಬೇಡಿ, ಅದರ ಘಾಟು ದಿನಗಟ್ಟಲೆ ಹೋಗುವುದಿಲ್ಲ. ನೀರಿನ ಪ್ರೈಮರ್ ಎಂದೇ ಕೇಳಿ. ಹತ್ತಡಿ ಹನ್ನೆರಡಡಿಯ ಕೋಣೆ, ಹತ್ತಡಿ ಎತ್ತರ. ಬಾಗಿಲು ಕಿಟಕಿ ಕಳೆದು ಮೂರು ಗೋಡೆಗೆ ಸುಮಾರು 300 ಚದರಡಿಯಾಗುತ್ತದೆ. ಲೀಟರಿಗೆ ನೂರು ಚದರಡಿಯಂತೆ ನಾಲ್ಕು ಲೀಟರಿನ ಒಂದು ಡಬ್ಬ ಸಾಕು, ಮೆತ್ತಿದ ಗುಳಿಗಳಿಗೆ ಮುಟ್ಟಿಸಲೂ ಉಳಿಯುತ್ತದೆ.

ಬಾಗಿಲು ಕಿಟಕಿಯ ಹಸಿರು ಬಣ್ಣವನ್ನು ಮಾತ್ರ ಯಾರೂ ಕೆರೆಯದಿರಲಿ. ಅದು ತಾತನ ಕಾಲದ್ದು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮವನ್ನು ಸರ್ಕಾರ ಮಾಡಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಹೆಚ್ಚಾಗಿರುವುದು ಸಾಮಾನ್ಯ. ಒಣಗಿಸಿ ಉಜ್ಜಿದರೆ ಆ ಧೂಳು ನೆಲದ ಮೇಲೆ ಕೂತು, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ಹಾನಿ, ಬೆಳೆಯುವ ಮಗುವಿನ ಮಿದುಳಿಗೂ ಹಾನಿ. ಬಣ್ಣ ಗಟ್ಟಿಯಾಗಿಯೇ ಇದೆಯಲ್ಲ, ಸೋಪಿನ ನೀರಿನಿಂದ ತೊಳೆದು ಹಾಗೆಯೇ ಬಿಡಿ.

ಪುಟ್ಟಿ ಗೌರಿ ಹಬ್ಬಕ್ಕೆ ಬಂದಾಗ ಏಣಿ, ಡಬ್ಬ, ಕುಂಚ ಯಾವುದೂ ಮನೆಯಲ್ಲಿ ಕಾಣಬಾರದು. ಅವಳು ಬಾಗಿನ ತೆಗೆದುಕೊಂಡು ಹಿಂತಿರುಗಿದ ಮೇಲೆ ಕೆಲಸ ಹಿಡಿಸಿ, ಮಹಾಲಯ ಅಮಾವಾಸ್ಯೆಗೆ ಮುಗಿಸಿ, ವಿಜಯದಶಮಿಯ ತನಕ ಕಿಟಕಿ ತೆರೆದಿಡಿ. ಸೀಮಂತವಾಗಿ ಅವಳು ಬರುವ ಹೊತ್ತಿಗೆ ವಾಸನೆಯೆಲ್ಲ ಹೋಗಿರುತ್ತದೆ.

ದುಡ್ಡಿನ ಯೋಚನೆ ಖಂಡಿತ ಬೇಡ. ನಿಮ್ಮ ಖಾತೆಗೆ 20,000 ರೂಪಾಯಿ ಹಾಕಿದ್ದೇನೆ. ಇದರಿಂದ ನನಗೆ ಏನೂ ಕಷ್ಟವಾಗಿಲ್ಲ, ಸತ್ಯವಾಗಿ ಹೇಳುತ್ತೇನೆ, ಸ್ವಲ್ಪವೂ ಆಗಿಲ್ಲ. ಪೇಂಟರಿಗೆ ಹೆಚ್ಚಿನ ದಿನಗಳ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಮೂರು ದಿನದಲ್ಲಿ ಮುಗಿಸಿ ಎಂದರೆ ಯಾರೇ ಆದರೂ ಹಾಗೆಯೇ ಮಾಡುತ್ತಾರೆ. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಅವ್ವ ಕಳಿಸಿದ ರಾಗಿಹಿಟ್ಟು ಇನ್ನೂ ಇದೆ, ಕೆಮ್ಮು ಪೂರ್ತಿ ಹೋಗಿದೆ, ಚಳಿಯೂ ಇಲ್ಲ, ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಅವ್ವ ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಅಲ್ಲಿಂದ ನೇರ ಕೆಲಸಕ್ಕೆ ಹೋಗಬೇಕು. ಅಜ್ಜಿಗೆ ನಮಸ್ಕಾರ, ಪುಟ್ಟಿಗೆ ಆಶೀರ್ವಾದ. ಗೋಡೆ ತೊಳೆದು ಒಣಗಿದ ದಿನ ಅಂಗೈ ಒರೆಸಿ, ಆ ಕೈಯ ಫೋಟೋವನ್ನು ಚಿಕ್ಕಪ್ಪನ ಫೋನಿನಿಂದ ನನಗೆ ಕಳಿಸಿ. ಅದನ್ನು ನೋಡಿದ ಮೇಲೆಯೇ ಡಬ್ಬ ತೆರೆಸಿ.

ನಿಮ್ಮ ಮಗ